ಕರಿಬೇವಿನ ಬುಡದ ಬಿಳಿ ಕಲೆ

ಹದಿನೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತ ಬಂದವಳು ನಾನು. ಗೋಡೆಗೆ ತೂಗುಹಾಕಿದ ಆವರ್ತ ಕೋಷ್ಟಕದ ಕೆಳಗೆ, ಊಟಕ್ಕೆ ತಡವಾಗಿ ಬಂದವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದ ಹಾಗೆ, ಎರಡು ಸಾಲು ಪ್ರತ್ಯೇಕವಾಗಿ ಇರುತ್ತವಲ್ಲ, ಅವನ್ನು ಯಾವತ್ತೂ ಮನಸ್ಸಿಟ್ಟು ಕಲಿಸಿದವಳಲ್ಲ. "ಇದರಾಗ ಭಾಳ ಏನೂ ಕೇಳೂದಿಲ್ಲ. ವ್ಯಾಖ್ಯೆ ಒಂದು ಬಾಯಿಪಾಠ ಮಾಡ್ರಿ, ಮುಂದಕ್ಕ ನಡೀರಿ" ಎಂದು ಕೋಲು ಎತ್ತಿಬಿಡುತ್ತಿದ್ದೆ. ಅವುಗಳಲ್ಲಿ ಮೇಲಿನ ಸಾಲಿನ ಮೊದಲ ಮನೆಯಲ್ಲಿರುವ ಲ್ಯಾಂಥನಮ್ ಎಂಬ ಲೋಹ ಒಂದು ದಿನ ಕುಷ್ಟಗಿಯ ನಮ್ಮ ಅಡುಗೆಮನೆಗೇ ಬಂದು ನನ್ನ ಸೊಕ್ಕು ಇಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅದು ಬಂದದ್ದು ನನ್ನ ಅತ್ತೆಯ ಗುಳಿಗೆಯಾಗಿ. ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟು ಆಗ ಎರಡು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬುಧವಾರ ಅವರ ಮಗ, ಅಂದರೆ ನನ್ನ ಗಂಡ, ಬೀಜ-ಗೊಬ್ಬರದ ಅಂಗಡಿಯನ್ನು ಆಳಿನ ಕೈಗೆ ಒಪ್ಪಿಸಿ ಕರೆದುಕೊಂಡು ಹೋಗುತ್ತಿದ್ದರು. ಶನಿವಾರ ನನ್ನ ಪಾಳಿ. ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತು ದಾರಿಯ ಹೊಲಗಳ ಲೆಕ್ಕ ಒಪ್ಪಿಸುತ್ತಿದ್ದರು. ಇವರ ಸಜ್ಜೆ ಛಲೋ ಬಂದಿದೆ, ಅವರ ತೊಗರಿಗೆ ಕೀಡೆ ಬಿದ್ದಿದೆ, ಇಂಥವು. ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯ ಮಗಳು, ರೋಗ ಬಂದರೂ ಕಣ್ಣು ಹೊಲದ ಮೇಲೇ ಇರುತ್ತಿತ್ತು.

ಆದರೆ ಆ ವರ್ಷ ಮಾತು ಕಡಿಮೆಯಾಗುತ್ತ ಬಂತು. ಮೈ ಕಡಿತ ಶುರುವಾಗಿತ್ತು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಉಜ್ಜುತ್ತ ನಿಲ್ಲುತ್ತಿದ್ದರು. ಕೈಯ ಎಲುಬು ನೋವು. ಅಂಗೈ ಬಡಿತದಲ್ಲೇ ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಮಾಡುತ್ತಿದ್ದವರು ಎರಡು ರೊಟ್ಟಿ ಬಡಿದು ಕೈ ಬಿಡತೊಡಗಿದರು. ಡಾಕ್ಟರಮ್ಮ, ಇನ್ನೂ ಸಣ್ಣ ವಯಸ್ಸಿನ ಹುಡುಗಿ, ರಕ್ತದ ರಿಪೋರ್ಟು ನೋಡಿ ಹೇಳಿದರು: ರಂಜಕ, ಅಂದರೆ ಫಾಸ್ಫರಸ್, ಜಾಸ್ತಿಯಾಗಿದೆ. ನಾವು ತಿನ್ನುವ ಕಾಳು, ಹಾಲು, ಶೇಂಗಾ ಎಲ್ಲದರಲ್ಲೂ ರಂಜಕ ಇರುತ್ತದೆ. ಗಟ್ಟಿ ಕಿಡ್ನಿ ಇದ್ದವರಲ್ಲಿ ಹೆಚ್ಚಾದದ್ದು ಹೊರಗೆ ಹೋಗುತ್ತದೆ, ಅತ್ತೆಯಂಥವರಲ್ಲಿ ಒಳಗೇ ಉಳಿದು ಎಲುಬು ತಿನ್ನುತ್ತದೆ. ಡಯಾಲಿಸಿಸ್ ಯಂತ್ರಕ್ಕೆ ಅದನ್ನೆಲ್ಲ ತೆಗೆಯುವ ತಾಕತ್ತಿಲ್ಲ. ನನ್ನ ಗಂಡನ ಅಂಗಡಿಯ ತುಂಬ ರಂಜಕದ ಗೊಬ್ಬರದ ಚೀಲಗಳು. ಊರ ಹೊಲಕ್ಕೆಲ್ಲ ರಂಜಕ ಮಾರುವವನ ತಾಯಿಗೆ ರಂಜಕವೇ ವೈರಿಯಾಗಿ ಕೂತಿತ್ತು.

ಮೊದಲು ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರು. ಅದು ಊಟದೊಳಗಿನ ರಂಜಕವನ್ನು ಹಿಡಿಯುತ್ತದೆ ನಿಜ, ಆದರೆ ಕೆಲವು ತಿಂಗಳಲ್ಲಿ ರಕ್ತದಲ್ಲೇ ಕ್ಯಾಲ್ಸಿಯಂ ಏರಿತು. "ಅಮ್ಮಾರ, ನಿಮ್ಮ ರಕ್ತದಾಗ ಸುಣ್ಣದ ಅಂಶ ಜಾಸ್ತಿ ಆಗೈತ್ರಿ. ಈ ಗುಳಿಗಿ ಸಾಕು" ಎಂದು ಡಾಕ್ಟರಮ್ಮ ಅದನ್ನು ಬಿಡಿಸಿ ಹೊಸದು ಬರೆದರು. ದಪ್ಪ, ಬಿಳಿ, ದುಂಡನೆಯ ಗುಳಿಗೆ. ಮೂರು ಹೊತ್ತು ಊಟದ ಜೊತೆ ಚೆನ್ನಾಗಿ ಅಗಿದು ತಿನ್ನಬೇಕು. ಚೀಟಿ ಓದಿ ನಾನು ಅಲ್ಲೇ ನಿಂತುಬಿಟ್ಟೆ. ಲ್ಯಾಂಥನಮ್ ಕಾರ್ಬೊನೇಟ್! ಹದಿನೆಂಟು ವರ್ಷ ನಾನು ಮುಂದಕ್ಕೆ ನಡೀರಿ ಎಂದು ದಾಟಿಸಿದ್ದ ಸಾಲಿನ ಮೊದಲನೆಯವನು.

ಡಾಕ್ಟರಮ್ಮ ಇನ್ನೊಂದು ಮಾತನ್ನೂ ಸೇರಿಸಿದ್ದರು. ರಂಜಕ ಹೀಗೇ ಏರಿದ್ದರೆ ಕುತ್ತಿಗೆಯ ಸಣ್ಣ ಗ್ರಂಥಿಗಳು ಕೆರಳಿ ಎಲುಬನ್ನು ಇನ್ನಷ್ಟು ಕರಗಿಸುತ್ತವೆ, ಇಳಿಯದಿದ್ದರೆ ಮುಂದೆ ಆಪರೇಷನ್ ಮಾತು ಬರಬಹುದು ಎಂದು. ಅತ್ತೆ ಆ ಕ್ಷಣ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡವರು ಕುಷ್ಟಗಿ ಬರುವತನಕ ಬಿಡಲಿಲ್ಲ. "ಕೈಗೆ ಸೂಜಿ ಚುಚ್ಚಲಿ, ಕಾಲು ಕೊಯ್ಯಲಿ. ಕುತ್ತಿಗಿ ಮಾತ್ರ ಬ್ಯಾಡವಾ" ಎಂದರು. ಅಂಜಿಕೆ ಎನ್ನುವುದನ್ನು ಅವರ ಮುಖದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದು ನಾನು ಮೇಷ್ಟರಗಿರಿ ಶುರು ಮಾಡಿದೆ. ಇದು ನನ್ನ ಚಟ. ಯಾರಿಗೂ ಏನನ್ನೂ ಬರೀ ಕೊಡಲಾರೆ, ಪಾಠ ಮಾಡಿಯೇ ಕೊಡಬೇಕು. ಹಿತ್ತಲಿನಿಂದ ಸುಣ್ಣದ ಕಲ್ಲಿನ ಚೂರು ತಂದು ಬಟ್ಟಲಲ್ಲಿಟ್ಟು ಮೇಲೆ ನಿಂಬೆಹಣ್ಣು ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು. "ನೋಡ್ರಿ ಅತ್ತಿ, ಈ ಗುಳಿಗೀನೂ ಇದರ ಬಳಗದ್ದ. ನಿಮ್ಮ ಹೊಟ್ಟ್ಯಾಗಿನ ಹುಳಿ ತಾಗಿದ ಕೂಡಲೇ ಹಿಂಗ ಗುಳ್ಳಿ ಎದ್ದು ಕರಗತೈತಿ. ಆಮ್ಯಾಲ ಅದರೊಳಗಿನ ಲೋಹ ಊಟದಾಗಿನ ರಂಜಕದ ಕೈ ಗಟ್ಟಿ ಹಿಡಕೊಂತೈತಿ. ಎರಡೂ ಕೂಡಿ ಯಾರೂ ಕರಗಿಸಲಾರದ ಪುಡಿ ಆಗಿ ಹೊರಗ ಹೋಗಿಬಿಡತಾವ."

ಅತ್ತೆ ಬಟ್ಟಲಿನೊಳಗೆ ಬಗ್ಗಿ ನೋಡಿದರು. "ಹಂಗಾರ ಇದೂ ಸುಣ್ಣದ ಜಾತಿದ ಅನ್ನು."

"ಹೌದ್ರಿ, ಬರೋಬ್ಬರಿ ಹೇಳಿದ್ರಿ" ಎಂದೆ. ನನ್ನ ಉದಾಹರಣೆ ಎಷ್ಟು ಚಂದ ತಲೆಗೆ ಹೋಯಿತಲ್ಲ ಎಂದು ನನಗೇ ಹೆಮ್ಮೆಯಾಯಿತು. ಕಾಲೇಜಿನಲ್ಲಿ ಹೋಗಿ ಸಹೋದ್ಯೋಗಿಗಳಿಗೂ ಹೇಳಿಕೊಂಡೆ.

ತಿಂಗಳಾಯಿತು. ರಿಪೋರ್ಟು ಬಂತು. ಐದೂವರೆ ದಾಟಬಾರದ ರಂಜಕ ಏಳೂವರೆಯಿಂದ ಏಳಕ್ಕೆ ಬಂದು ನಿಂತಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಗುಳಿಗಿ ತಪ್ಪಿಸಾಕತ್ತಾರೇನ್ರಿ?" ಎಂದು ನನ್ನನ್ನು ಕೇಳಿದರು. ಒಂದೂ ತಪ್ಪಿಸಿರಲಿಲ್ಲ. ಗುಳಿಗೆಯ ಖಾಲಿ ಪಟ್ಟಿಗಳನ್ನು ನಾನೇ ಎಣಿಸುತ್ತಿದ್ದೆ.

ಹಾಗಾದರೆ ಶೇಂಗಾ ಹಿಂಡಿ, ಮತ್ತೇನು? ನಮ್ಮಲ್ಲಿ ರೊಟ್ಟಿ ಇದ್ದಲ್ಲಿ ಹಿಂಡಿ ಇರಲೇಬೇಕು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದ ಪುಡಿ ಹಾಕಿ ಕುಟ್ಟಿದ ಆ ಪುಡಿಗೆ ಎರಡು ಹನಿ ಎಣ್ಣೆ ಬಿಟ್ಟುಕೊಂಡರೆ ಅತ್ತೆಗೆ ಬೇರೆ ಪಲ್ಯ ಬೇಡ. ಅದರಲ್ಲೂ ರಂಜಕ. ಡಬ್ಬಿಯನ್ನು ಎತ್ತಿ ನನಗೂ ಸ್ಟೂಲು ಹಾಕಿಯೇ ನಿಲುಕುವ ಅಟ್ಟದ ಮೇಲಿಟ್ಟೆ. ಅತ್ತೆ ಬರೀ ತಿಳಿ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಉಂಡರು. ನನ್ನ ಗಂಡ, "ಅವ್ವನ ಬಾಯಿ ಕಟ್ಟಿಬಿಟ್ಟಿ ನೋಡು" ಎಂದರು. "ನೀವು ಸುಮ್ಮನ ಗೊಬ್ಬರ ಮಾರ್ಕೊಂಡು ಇರ್ರಿ" ಎಂದು ಅವರ ಮೇಲೆ ಹರಿಹಾಯ್ದೆ. ನನ್ನ ಸಿಟ್ಟಿಗೆ ಮನೆಯಲ್ಲಿ ಎಲ್ಲರೂ ಹೊಂದಿಕೊಂಡಿದ್ದಾರೆ, ಪಾಪ.

ಎರಡನೆಯ ತಿಂಗಳೂ ಅದೇ ಏಳು. ಡಾಕ್ಟರಮ್ಮ ಈ ಸಲ ಅತ್ತೆಯ ಮುಂದೆ ಏನೂ ಹೇಳದೆ ನನ್ನನ್ನು ಹೊರಗೆ ಕರೆದು, "ಇನ್ನೊಂದು ತಿಂಗಳು ನೋಡೂಣ್ರಿ. ಇಳೀಲಿಲ್ಲಂದ್ರ ಕುತ್ತಿಗಿ ಆಪರೇಷನ್ ಬಗ್ಗೆ ದೊಡ್ಡ ಆಸ್ಪತ್ರಿಗೆ ಬರದು ಕೊಡಬೇಕಾಗತೈತಿ" ಎಂದರು. ನಾನು ಒಳಗೆ ಬಂದಾಗ ಅತ್ತೆ ನನ್ನ ಮುಖ ನೋಡಿದರು. ಸೆರಗು ಮತ್ತೆ ಕುತ್ತಿಗೆಗೆ ಹೋಯಿತು.

ಅದಾದ ವಾರದೊಳಗೆ, ಒಂದು ಶುಕ್ರವಾರ ಸಂಜೆ, ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದೆ. ಕರಿಬೇವಿನ ಗಿಡದ ಪಕ್ಕ ಒಂದು ಚಪ್ಪಟೆ ಕಲ್ಲಿದೆ. ಊಟವಾದ ಮೇಲೆ ಕೈ ತೊಳೆದು ಅಲ್ಲಿ ಸ್ವಲ್ಪ ಹೊತ್ತು ಕೂರುವುದು ಅತ್ತೆಯ ಹಳೆಯ ರೂಢಿ. ರೋಗ ಬರುವ ಮೊದಲು ಅವರು ಎಲೆ-ಅಡಿಕೆ-ತಂಬಾಕು ಹಾಕಿ ಉಗುಳುತ್ತಿದ್ದದ್ದೂ ಆ ಗಿಡದ ಬುಡಕ್ಕೇ. ಡಾಕ್ಟರು ಬೇಡ ಎಂದ ದಿನವೇ ಎಲೆ ಸಂಚಿಯನ್ನು ಮೊಳೆಗೆ ತೂಗುಹಾಕಿದವರು ಮತ್ತೆ ಮುಟ್ಟಿರಲಿಲ್ಲ. ಬುಡದ ಕೆಂಪು ಕಲೆ ಮಾಸಿಹೋಗಿತ್ತು. ಈಗ ಅದೇ ಜಾಗದಲ್ಲಿ ಬಿಳಿ ಕಲೆ. ಒಂದಲ್ಲ, ಎರಡಲ್ಲ, ಒಣಗಿ ಪದರುಗಟ್ಟಿ ಕೂತಿತ್ತು.

ನನಗೆ ತಲೆಗೆ ಏರಿತು. ಸುಣ್ಣ! ಎಲೆ ಹಾಕಿದರೆ ಕೆಂಪಾಗುತ್ತದೆ, ಗೊತ್ತಾಗುತ್ತದೆ ಎಂದು ಬರೀ ತಂಬಾಕಿಗೆ ಸುಣ್ಣ ತಿಕ್ಕಿ ಕದ್ದು ಹಾಕುತ್ತಿದ್ದಾರೆ. ನಾನಿಲ್ಲಿ ರಜೆ ಹಾಕಿ ಕೊಪ್ಪಳಕ್ಕೆ ತಿರುಗಬೇಕು, ಇವರಿಲ್ಲಿ ತಂಬಾಕು ಮೆಲ್ಲಬೇಕು. ನೇರ ಒಳಗೆ ಹೋದೆ.

"ಅತ್ತಿ, ಖರೇ ಹೇಳ್ರಿ. ತಂಬಾಕ ಹಾಕಾಕತ್ತೀರೇನ?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ, ಸಣ್ಣ ಮಕ್ಕಳು ಡಾಕ್ಟರ ಮುಂದೆ ತೆರೆಯುವ ಹಾಗೆ, ಬಾಯಿ ದೊಡ್ಡದಾಗಿ ತೆರೆದು ತೋರಿಸಿದರು. "ಮೂಸಿ ನೋಡವಾ. ಮೂಸಿ ನೋಡಿ ಹೇಳು."

ನಾನು ಮೂಸಲಿಲ್ಲ. ಆದರೆ ನಂಬಲೂ ಇಲ್ಲ. ಹೋಗಿ ಸಂಚಿ ಇಳಿಸಿ ಕೊಡವಿದೆ. ಒಣಗಿದ ಎಲೆಯ ಪುಡಿ ಬಿಟ್ಟರೆ ಏನೂ ಬೀಳಲಿಲ್ಲ. ನನ್ನ ಈ ಶೋಧವನ್ನೆಲ್ಲ ಅತ್ತೆ ಕೂತಲ್ಲಿಂದಲೇ ನೋಡಿದರು. ಮರುದಿನ ಕೊಪ್ಪಳಕ್ಕೆ ಹೋಗಿ ಬರುವಾಗ ಬಸ್ಸಿನಲ್ಲಿ ಒಂದು ಹೊಲದ ಸುದ್ದಿಯನ್ನೂ ಎತ್ತಲಿಲ್ಲ. ಆದರೂ ನನ್ನ ಅಹಂಕಾರ ಬಿಡಬೇಕಲ್ಲ.

ಬಸ್ಸಿನಲ್ಲೇ ಒಂದು ಉಪಾಯ ಹೊಳೆಯಿತು. ಆರತಿ ತಟ್ಟೆಗೆ ನಾವು ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡುತ್ತೇವಲ್ಲ, ಅದು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಮಾಡಿ ತೋರಿಸುವ ಪ್ರಯೋಗ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗಲೇಬೇಕು. ಹಳೆಯ ಕಲೆ ನಡೆಯದು, ಗಾಳಿಗೆ ಸುಣ್ಣದ ಕ್ಷಾರಗುಣ ಸತ್ತಿರುತ್ತದೆ. ಹಸಿ ಕಲೆಯೇ ಬೇಕು. ಭಾನುವಾರ ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಅತ್ತೆ ಉಂಡರು, ಗುಳಿಗೆಯ ಪಟ್ಟಿಯಿಂದ ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡರು, ಅಗಿಯುತ್ತ ಹಿತ್ತಲಿಗೆ ಹೋದರು. ಅವರು ಬಂದು ಚಾಪೆ ಮೇಲೆ ಅಡ್ಡಾದ ಮೇಲೆ ನಾನು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕಳ್ಳಿಯ ಹಾಗೆ ಹೊರಟೆ.

ಕರಿಬೇವಿನ ಬುಡದಲ್ಲಿ ಹಸಿ ಬಿಳಿ ಕಲೆ ಇತ್ತು. ಅದರ ಮೇಲೆ ಅರಿಶಿನ ಬಿಟ್ಟೆ. ಕೆಂಪಾಗುತ್ತದೆ ಎಂದು ಕಾದೆ. ಹಳದಿ ಹಳದಿಯಾಗಿಯೇ ಇತ್ತು. ಕಡ್ಡಿಯಿಂದ ಕಲಸಿದೆ. ಹಳದಿ. ಸುಣ್ಣವಲ್ಲ, ತಂಬಾಕೂ ಅಲ್ಲ. ಬೆಳ್ಳಗಿನ, ಅರಿಶಿನಕ್ಕೆ ಜಗ್ಗದ ಆ ಪುಡಿ ಈಗಷ್ಟೇ ನನ್ನ ಕಣ್ಣೆದುರಿಗೆ ಪಟ್ಟಿಯಿಂದ ಹೊರಬಂದಿತ್ತು.

ಒಳಗೆ ಹೋಗಿ ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತೆ. "ಅತ್ತಿ, ಗುಳಿಗಿ ಅಗಿದು ಉಗುಳತೀರೇನ್ರಿ?"

"ಎಲ್ಲಾ ಉಗುಳತೀನೇನು?" ಎಂದು ಎದ್ದು ಕೂತರು. ಎರಡು ದಿನದ ಮೇಲೆ ಆಡಿದ ಮೊದಲ ಮಾತು. "ಮೊದಲನೇ ರಸ ಅಷ್ಟ ಉಗುಳತೀನಿ. ಅಲ್ಲವಾ, ಡಾಕ್ಟರಮ್ಮ ಏನಂದ್ಲು? ರಕ್ತದಾಗ ಸುಣ್ಣ ಹೆಚ್ಚಾಗೈತಿ ಅಂದ್ಲು. ಅದಕ್ಕ ಹಳೇ ಗುಳಿಗಿ ಬಿಡಿಸಿದ್ಲು. ನೀ ಏನಂದಿ? ಹೊಸಾದೂ ಸುಣ್ಣದ ಬಳಗದ್ದ ಅಂದಿ, ನಿಂಬಿಹಣ್ಣು ಹಿಂಡಿ ತೋರಿಸಿದಿ. ನಾ ನಲವತ್ತು ವರ್ಷ ಸುಣ್ಣ ಹಚ್ಚಿ ಎಲಿ ತಿಂದಾಕಿ. ಮೊದಲನೇ ರಸ ನುಂಗಿದ್ರ ಹೊಟ್ಟಿ ಸುಡತೈತಿ. ಅದನ್ನ ಉಗುಳಿ ಉಳಿದಿದ್ದು ನುಂಗಬೇಕು. ಹಂಗ ಮಾಡೇನಿ. ಇದರಾಗ ನಂದೇನು ತಪ್ಪೈತಿ ಹೇಳು?"

ಅವರ ಲೆಕ್ಕದಲ್ಲಿ ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಉದಾಹರಣೆಯಲ್ಲಿ. ಗುಳ್ಳೆ ಏಳುವ ಗುಣವೊಂದನ್ನು ತೋರಿಸಲು ಹೋಗಿ ಎರಡನ್ನೂ ಒಂದೇ ಮನೆಯವರನ್ನಾಗಿ ಮಾಡಿಬಿಟ್ಟಿದ್ದೆ. ಅತ್ತೆ ಬುದ್ಧಿವಂತರಾದದ್ದರಿಂದ ಆ ಪಾಠವನ್ನು ಕೊನೆಯತನಕ ಒಯ್ದಿದ್ದರು. ಗುಳಿಗೆಯ ಮುಕ್ಕಾಲು ಪಾಲು ಮೊದಲ ರಸದಲ್ಲೇ ಕರಿಬೇವಿಗೆ ಹೋಗುತ್ತಿತ್ತು. ಎರಡು ತಿಂಗಳು.

"ತಪ್ಪು ನಂದ್ರಿ ಅತ್ತಿ" ಎಂದೆ. ಅಳು ಬಂತು. ಸಂಚಿ ಕೊಡವಿದ್ದು, ಹಿಂಡಿ ಡಬ್ಬಿ ಅಟ್ಟಕ್ಕೇರಿಸಿದ್ದು, ಬಾಯಿ ತೆರೆದು ನಿಂತ ಅವರ ಮುಖ, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಅತ್ತೆ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿ, "ಹುಚ್ಚಿ, ಅಳೂದು ಬಿಡು. ಇನ್ನ ಒಂದು ತಿಂಗಳು ಐತಲ್ಲ" ಎಂದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದ್ದು ಅವರಿಗೆ ಹೇಗೆ ಗೊತ್ತಾಯಿತೋ. ನನ್ನ ಮುಖ ಓದಿರಬೇಕು.

ಗೊತ್ತಾಯಿತು, ಇನ್ನು ನುಂಗಿದರಾಯಿತು ಅಂದುಕೊಂಡರೆ ಅದೂ ಸುಲಭವಾಗಲಿಲ್ಲ. ಅಂದೇ ಸಂಜೆ ಅತ್ತೆ ಪ್ರಯತ್ನಪಟ್ಟರು. ಅಗಿದದ್ದು ಪುಡಿಯಾದ ಕೂಡಲೇ ನಾಲಿಗೆ ತಾನೇ ಹೊರಗೆ ತಳ್ಳುತ್ತಿತ್ತು. "ಏನ್ ಮಾಡಲವಾ, ನಲವತ್ತು ವರ್ಷದ ನಾಲಿಗಿ. ಮೊದಲನೇ ರಸ ಬಂತಂದ್ರ ಉಗುಳು ಅಂತೈತಿ" ಎಂದು ಅವರಿಗೇ ನಗು ಬಂತು. ಕೊನೆಗೆ ದಾರಿ ಹುಡುಕಿದವರೂ ಅವರೇ. "ಹಿಂಡಿ ಮಾಡೂಣು" ಎಂದರು. ನನಗೆ ಅರ್ಥವಾಗಲಿಲ್ಲ. ಗುಳಿಗೆಯನ್ನು ಸಣ್ಣ ಒರಳಲ್ಲಿ ಕುಟ್ಟಿ ಪುಡಿ ಮಾಡುವುದು, ಚಿಟಿಕೆ ಖಾರದ ಪುಡಿ, ಎರಡು ಹನಿ ಎಣ್ಣೆ ಬಿಟ್ಟು ರೊಟ್ಟಿಯ ಮೊದಲ ತುತ್ತುಗಳಿಗೆ ಹಚ್ಚಿಕೊಳ್ಳುವುದು. ಹಿಂಡಿ ಎಂದರೆ ನಾಲಿಗೆ ಉಗುಳುವುದಿಲ್ಲವಲ್ಲ! ನಾನು ಡಾಕ್ಟರಮ್ಮನಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಪುಡಿ ಮಾಡಿ ಕೊಡಬಹುದೇ ಎಂದು ಕೇಳಿದೆ. ಆ ಕಡೆ ನಗು ತಡೆದ ಸದ್ದು ಕೇಳಿಸಿತು. "ಧಾರಾಳ ಕೊಡ್ರಿ, ಊಟದ ಕೂಡ ಹೊಟ್ಟಿಗೆ ಹೋದ್ರ ಆತು" ಎಂದರು.

ಆ ತಿಂಗಳು ದಿನಕ್ಕೆ ಮೂರು ಹೊತ್ತು ನಮ್ಮ ಮನೆಯಲ್ಲಿ ಒರಳಿನ ಸದ್ದು. ನನ್ನ ಗಂಡ ಅದಕ್ಕೆ ಲ್ಯಾಂಥನಮ್ ಹಿಂಡಿ ಎಂದು ಹೆಸರಿಟ್ಟರು. ಕಾಲೇಜಿನಲ್ಲಿ ನಾನು ಆ ಕೆಳಗಿನ ಸಾಲಿಗೆ ಒಂದು ಇಡೀ ಪೀರಿಯಡ್ ಕೊಟ್ಟೆ. ಬೇರೆ ಖನಿಜದೊಳಗೆ ಎಷ್ಟೋ ವರ್ಷ ಯಾರಿಗೂ ಕಾಣದೆ ಇದ್ದದ್ದರಿಂದ ಲ್ಯಾಂಥನಮ್‌ಗೆ ಅಡಗಿ ಕೂತದ್ದು ಎಂಬ ಅರ್ಥದ ಹೆಸರು ಬಂತು ಎಂದು ಹೇಳಿದೆ. ಅದರ ಅಯಾನಿಗೆ ಮೂರು ಧನ ಆವೇಶ, ರಂಜಕದ ಫಾಸ್ಫೇಟಿಗೆ ಮೂರು ಋಣ ಆವೇಶ, ಎರಡೂ ಕೂಡಿದರೆ ಬಿಡಿಸುವುದು ಕಷ್ಟ ಎಂದು ಬೋರ್ಡಿನ ಮೇಲೆ ಬರೆದೆ. ಒಬ್ಬಳು ಹುಡುಗಿ ಎದ್ದು, "ಮಿಸ್, ಇದು ಪರೀಕ್ಷೆಗೆ ಬರತೈತೇನ್ರಿ?" ಎಂದಳು. "ಪರೀಕ್ಷೆಗೆ ಗೊತ್ತಿಲ್ಲ, ಮನಿಗೆ ಬರತೈತಿ" ಎಂದೆ. ಬರೆದುಕೊಂಡಳು.

ಮೂರನೆಯ ರಿಪೋರ್ಟು ಬರುವ ಶನಿವಾರ ನಾವಿಬ್ಬರೂ ಕೊಪ್ಪಳಕ್ಕೆ ಹೋದೆವು. ಬಸ್ಸು ಹತ್ತುವಾಗಲೇ ಅತ್ತೆ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಅತ್ತೆ ಮೈ ಕೆರೆದುಕೊಳ್ಳುವುದು ಕಡಿಮೆಯಾದದ್ದನ್ನು ನಾನು ನೋಡಿದ್ದೆ, ಆದರೆ ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ. ಅತ್ತೆಯ ಕೈಗೆ ನಳಿಕೆ ಹಚ್ಚಿ ಯಂತ್ರ ಶುರುವಾದ ಮೇಲೆ ಡಾಕ್ಟರಮ್ಮ ಕಾಗದ ಹಿಡಿದು ಬಂದರು. ಈ ಸಲ ನನ್ನನ್ನು ಹೊರಗೆ ಕರೆಯಲಿಲ್ಲ. "ಅಮ್ಮಾರ, ಐದಕ್ಕ ಬಂದೈತ್ರಿ. ಕುತ್ತಿಗಿ ಸುದ್ದಿ ಸದ್ಯಕ್ಕ ಬಿಡ್ರಿ. ಹಿಂಗ ಇಟ್ಕೊಂಡು ಹೋಗ್ರಿ. ಶೇಂಗಾ ಹಿಂಡಿ ಒಂದು ಚಿಟಿಕಿ ತಿಂದ್ರೂ ನಾ ಏನೂ ಅನ್ನೂದಿಲ್ಲ."

ಅತ್ತೆ ಹೂಂ ಎಂದರು ಅಷ್ಟೇ. ಅವರು ನಕ್ಕಾರು, ಅತ್ತಾರು ಎಂದು ನಾನು ಮುಖ ನೋಡುತ್ತ ನಿಂತಿದ್ದೆ. ಅವರ ಕಣ್ಣು ಪಕ್ಕದ ಹಾಸಿಗೆಯ ಮೇಲಿತ್ತು. ಅಲ್ಲಿ ಯಲಬುರ್ಗಾ ಕಡೆಯ ಒಬ್ಬ ಯಜಮಾನರು, ಹೊಸಬರು, ಹಲ್ಲೆಲ್ಲ ಎಲೆ-ಅಡಿಕೆಯ ಕೆಂಪು. ಮಗಳು ತಂದಿದ್ದ ಉಪ್ಪಿಟ್ಟು ತಿಂದು ಮುಗಿಸಿ ಒಂದು ದಪ್ಪ ಬಿಳಿ ಗುಳಿಗೆಯನ್ನು ಅಗಿಯುತ್ತಿದ್ದರು. ಅಗಿಯುತ್ತ ಅಗಿಯುತ್ತ ಮಂಚದ ಕೆಳಗಿನ ಬೋಗುಣಿಗಾಗಿ ಕೈ ಚಾಚಿದರು.

"ಅಣ್ಣಾರ, ತಡೀರಿ" ಎಂದರು ಅತ್ತೆ. ಒಂದು ಕೈ ಯಂತ್ರಕ್ಕೆ ಕಟ್ಟಿತ್ತು, ಇನ್ನೊಂದು ಕೈ ಎತ್ತಿದರು. "ಉಗುಳಬ್ಯಾಡ್ರಿ. ಅದು ಸುಣ್ಣಲ್ಲ. ಸುಣ್ಣದಂಗ ಕಾಣತೈತಿ ಅಷ್ಟ. ನೀವು ತಿಂದ ಉಪ್ಪಿಟ್ಟಿನ್ಯಾಗ ಎಲುಬು ತಿನ್ನೂದೊಂದು ಐತ್ರಿ, ಅದರ ಕೈ ಹಿಡಕೊಂಡು ಹೊರಗ ಒಯ್ಯಾಕ ಈ ಗುಳಿಗಿ ಬಂದೈತಿ. ಇದನ್ನ ಉಗುಳಿದ್ರ ಅದರ ಕೈ ಯಾರು ಹಿಡೀಬೇಕು? ನಾ ಎರಡು ತಿಂಗಳು ಇದನ್ನ ನಮ್ಮ ಕರಿಬೇವಿನ ಗಿಡಕ್ಕ ಉಣಿಸೇನಿ. ಗಿಡದ ರಂಜಕ ಇಳಿದಿರಬೇಕು, ನಂದು ಇಳೀಲಿಲ್ಲ."

ನಾನು ನಿಂಬೆಹಣ್ಣು ಹಿಂಡಿ, ಕಲ್ಲು ತಂದು, ಗುಳ್ಳೆ ಎಬ್ಬಿಸಿ ಮಾಡಿದ ಪಾಠ ನೆನಪಾಯಿತು. ನಲವತ್ತು ನಿಮಿಷ ಹಿಡಿದಿತ್ತು, ತಪ್ಪಾಗಿತ್ತು. ಅತ್ತೆಯದು ಒಂದು ನಿಮಿಷವೂ ಆಗಲಿಲ್ಲ.

ಯಜಮಾನರು ಕೆನ್ನೆ ಉಬ್ಬಿಸಿಕೊಂಡು ಒಮ್ಮೆ ನನ್ನನ್ನು, ಒಮ್ಮೆ ತಮ್ಮ ಮಗಳನ್ನು ನೋಡಿದರು. ಚಾಚಿದ ಕೈ ಇನ್ನೂ ಬೋಗುಣಿಯ ಕಡೆಗೇ ಇತ್ತು.

"ನುಂಗ್ರಿ, ಅಣ್ಣಾರ" ಎಂದರು ಅತ್ತೆ ಮೆಲ್ಲಗೆ. "ನಾನೂ ಭಾಳ ಅಂಜಿದ್ದೆ."

ಯಜಮಾನರ ಗಂಟಲನ್ನು ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಯಜಮಾನರು ಕಣ್ಣು ಮುಚ್ಚಿ ನುಂಗಿದರು. ಆಗ ಅತ್ತೆ ಕುತ್ತಿಗೆಗೆ ಸುತ್ತಿದ್ದ ತಮ್ಮ ಸೆರಗನ್ನು ಬಿಚ್ಚಿ ಕೆಳಗೆ ಬಿಟ್ಟರು.